ಎರಡು ಭಾಷೆಯ ಮೆದುಳು: ಹೈದರಾಬಾದ್, ಬೆಂಗಳೂರು ನರವಿಜ್ಞಾನ ವಿಭಾಗಗಳಲ್ಲಿ ಯಾರು ಏನನ್ನು ಸಂಶೋಧಿಸುತ್ತಾರೆ?

ಧರೂರು: ಅರವತ್ತಕ್ಕೆ ಅರಳು ಮರಳು ಎಂಬುದು ನಮ್ಮ ಕಡೆಯ ಹಳೆಯ ಮಾತು. ಕೆಲವರಿಗೆ ಅರವತ್ತಕ್ಕೇ ಬರುವ ಮರೆವು ಇನ್ನು ಕೆಲವರಿಗೆ ಅರವತ್ತೈದರ ನಂತರ ಬರುವುದೇಕೆ ಎಂಬ ಪ್ರಶ್ನೆಯನ್ನು ಹೈದರಾಬಾದಿನ ವೈದ್ಯರು ಕೈಗೆತ್ತಿಕೊಂಡು, ನೂರಾರು ರೋಗಿಗಳ ದಾಖಲೆ ಇಟ್ಟು ಉತ್ತರ ಹುಡುಕಿದ್ದಾರೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುವ ನಮ್ಮಂಥ ಗಡಿ ಊರಿನವರಿಗೆ ಆ ಉತ್ತರ ನೇರವಾಗಿ ಸಂಬಂಧಿಸಿದೆ.

ವಿಶ್ವವಿದ್ಯಾಲಯಗಳ ನರವಿಜ್ಞಾನ ವಿಭಾಗಗಳಲ್ಲಿ ಪ್ರತಿಯೊಬ್ಬ ಪ್ರಾಧ್ಯಾಪಕರ ಹೆಸರಿನ ಮುಂದೆ 'ಸಂಶೋಧನಾಸಕ್ತಿ' ಎಂದು ನಾಲ್ಕಾರು ಪದ ಬರೆದಿರುತ್ತಾರೆ. ಸಾಮಾನ್ಯ ಜನರಿಗೆ ಅದು ಅರ್ಥವಾಗುವುದಿಲ್ಲ. ಕಲಾ ವಿಭಾಗದಲ್ಲಿ ಓದಿದ ಈ ಲೇಖಕನಿಗೂ ಮೊದಲು ಅರ್ಥವಾಗಿರಲಿಲ್ಲ. ಆದರೆ ಯಾರು ಏನನ್ನು ಅಧ್ಯಯನ ಮಾಡುತ್ತಾರೆ ಎಂದು ತಿಳಿದರೆ ಎರಡು ಉಪಯೋಗವಿದೆ. ಮನೆಯಲ್ಲಿ ಕಾಯಿಲೆ ಬಂದಾಗ ಯಾವ ಬಾಗಿಲು ತಟ್ಟಬೇಕು ಎಂಬುದು ಗೊತ್ತಾಗುತ್ತದೆ. ಮಕ್ಕಳು ಮುಂದೆ ಏನು ಓದಬಹುದು ಎಂಬುದೂ ಗೊತ್ತಾಗುತ್ತದೆ.

ಗದ್ವಾಲದಲ್ಲಿ ರೈಲು ಹತ್ತಿದರೆ ಒಂದು ದಿಕ್ಕಿಗೆ ಹೈದರಾಬಾದ್, ಇನ್ನೊಂದು ದಿಕ್ಕಿಗೆ ಕರ್ನೂಲು ದಾಟಿ ಬೆಂಗಳೂರು. ದೇಶದ ಪ್ರಮುಖ ನರವಿಜ್ಞಾನ ಕೇಂದ್ರಗಳಲ್ಲಿ ಹಲವು ಈ ಎರಡು ನಗರಗಳಲ್ಲಿವೆ. ಅವುಗಳ ಪರಿಚಯ ಇಲ್ಲಿದೆ.

ನರವಿಜ್ಞಾನ ಎಂದರೇನು?

ಮೆದುಳು, ಬೆನ್ನುಹುರಿ ಮತ್ತು ನರಗಳ ರಚನೆ, ಕೆಲಸ, ಕಾಯಿಲೆಗಳನ್ನು ಅಧ್ಯಯನ ಮಾಡುವ ಶಾಸ್ತ್ರವೇ ನರವಿಜ್ಞಾನ. ಇದು ಒಂದೇ ವಿಷಯವಲ್ಲ. ರೋಗಿಯನ್ನು ನೋಡುವ ನರರೋಗ ತಜ್ಞ, ಇಲಿಯ ಮೆದುಳಿನ ಜೀವಕೋಶ ನೋಡುವ ವಿಜ್ಞಾನಿ, ಮಾತು ಕಲಿಯುವ ಬಗೆಯನ್ನು ಅಳೆಯುವ ಮನಶ್ಶಾಸ್ತ್ರಜ್ಞ, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಎಂಜಿನಿಯರ್ ಎಲ್ಲರೂ ಇದರೊಳಗೆ ಬರುತ್ತಾರೆ. ನಾವು ಫಿಟ್ಸ್, ಲಕ್ವ, ಮರೆಗುಳಿತನ ಎನ್ನುವ ಕಾಯಿಲೆಗಳೆಲ್ಲ ಇದರ ವ್ಯಾಪ್ತಿಯವು.

ಹೈದರಾಬಾದ್: ಎರಡು ಭಾಷೆ ಬಲ್ಲವರಿಗೆ ಮರೆವು ತಡ

ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆಯನ್ನು ನಮ್ಮ ಜನ 'ನಿಮ್ಸ್' ಎಂದೇ ಕರೆಯುತ್ತಾರೆ. ಅಲ್ಲಿ ನರರೋಗ ತಜ್ಞೆಯಾಗಿದ್ದ ಡಾ. ಸುವರ್ಣಾ ಅಲ್ಲಾಡಿ ಅವರ ಸಂಶೋಧನಾಸಕ್ತಿ ಮರೆಗುಳಿತನ ಮತ್ತು ಭಾಷೆ. 2006ರಿಂದ 2012ರವರೆಗೆ ಅಲ್ಲಿನ ಮೆಮೊರಿ ಕ್ಲಿನಿಕ್‌ಗೆ ಬಂದ 648 ಮರೆಗುಳಿ ರೋಗಿಗಳ ದಾಖಲೆಗಳನ್ನು ಅವರ ತಂಡ ಪರಿಶೀಲಿಸಿತು. ಇವರಲ್ಲಿ 391 ಮಂದಿ ಎರಡು ಅಥವಾ ಹೆಚ್ಚು ಭಾಷೆ ಆಡುವವರು. ತೆಲುಗು, ಉರ್ದು, ಹಿಂದಿ, ಇಂಗ್ಲಿಷ್ ಅಲ್ಲಿನ ಮುಖ್ಯ ಭಾಷೆಗಳು.

2013ರಲ್ಲಿ 'ನ್ಯೂರಾಲಜಿ' ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ. ಒಂದೇ ಭಾಷೆ ಆಡುವವರಲ್ಲಿ ಕಾಯಿಲೆ ಆರಂಭವಾದ ಸರಾಸರಿ ವಯಸ್ಸು 61.1. ಎರಡು ಭಾಷೆ ಆಡುವವರಲ್ಲಿ 65.6. ಅಂದರೆ ನಾಲ್ಕೂವರೆ ವರ್ಷ ತಡ.

ಓದು ಬರಹ ಬಲ್ಲವರಿಗೆ ಮಾತ್ರ ಈ ಲಾಭವೇ ಎಂಬ ಅನುಮಾನ ಸಹಜ. ಆದರೆ ಶಾಲೆಯ ಮೆಟ್ಟಿಲು ಹತ್ತದ ರೋಗಿಗಳಲ್ಲೂ ವ್ಯತ್ಯಾಸ ಕಂಡುಬಂತು. ಅವರಲ್ಲಿ ಅಂತರ ಸುಮಾರು ಆರು ವರ್ಷ. ಹೊಲದ ಕೆಲಸ ಮಾಡುತ್ತಾ, ಸಂತೆಯಲ್ಲಿ ವ್ಯಾಪಾರ ಮಾಡುತ್ತಾ ಎರಡು ಭಾಷೆ ಕಲಿತ ಅನಕ್ಷರಸ್ಥ ಹಿರಿಯರನ್ನು 'ಏನೂ ಓದಿಲ್ಲ' ಎಂದು ತಳ್ಳಿಹಾಕುವವರು ಇದನ್ನು ಗಮನಿಸಬೇಕು. ಮೂರು, ನಾಲ್ಕು ಭಾಷೆ ಬಲ್ಲವರಿಗೆ ಎರಡು ಬಲ್ಲವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ ಎಂಬುದೂ ಗಮನಾರ್ಹ.

ಇದಕ್ಕೆ ಮುನ್ನ 2007ರಲ್ಲಿ ಕೆನಡಾದ ಟೊರಾಂಟೊದಲ್ಲಿ ಇಂಥದೇ ಫಲಿತಾಂಶ ಬಂದಿತ್ತು. ಆದರೆ ಅಲ್ಲಿ ಎರಡು ಭಾಷೆ ಆಡುವವರಲ್ಲಿ ಹೆಚ್ಚಿನವರು ಬೇರೆ ದೇಶದಿಂದ ವಲಸೆ ಬಂದವರು. ವ್ಯತ್ಯಾಸಕ್ಕೆ ಕಾರಣ ಭಾಷೆಯೋ ವಲಸೆಯೋ ಎಂಬುದು ಸ್ಪಷ್ಟವಾಗಿರಲಿಲ್ಲ. ಹೈದರಾಬಾದಿನಲ್ಲಿ ಜನ ಹುಟ್ಟಿದ ಊರಿನಲ್ಲೇ ಇದ್ದು ಎರಡು ಭಾಷೆ ಆಡುತ್ತಾರೆ. ಹಾಗಾಗಿಯೇ ಇಲ್ಲಿನ ಅಧ್ಯಯನಕ್ಕೆ ಜಗತ್ತಿನಾದ್ಯಂತ ಮಹತ್ವ ಬಂತು.

ಕಾರಣ ಏನಿರಬಹುದು? ಎರಡು ಭಾಷೆ ಬಲ್ಲವರ ಮೆದುಳಿನಲ್ಲಿ ಎರಡೂ ಸದಾ ಎಚ್ಚರವಾಗಿರುತ್ತವೆ. ತೆಲುಗಿನವರು ಎದುರಿಗೆ ಬಂದರೆ ಕನ್ನಡವನ್ನು ತಡೆಹಿಡಿದು ತೆಲುಗನ್ನು ಆರಿಸಬೇಕು. ಮನೆಗೆ ಬಂದ ಕೂಡಲೇ ಅದು ತಿರುವುಮುರುವು. ದಿನಕ್ಕೆ ಎಷ್ಟೋ ಸಲ ನಡೆಯುವ ಈ ಕಸರತ್ತಿನಿಂದ ಮೆದುಳಿನಲ್ಲಿ ಒಂದು ಮೀಸಲು ಶಕ್ತಿ ಬೆಳೆಯುತ್ತದೆ, ಕಾಯಿಲೆ ಒಳಗೆ ಶುರುವಾದರೂ ಹೊರಗೆ ಕಾಣಲು ತಡವಾಗುತ್ತದೆ ಎಂಬುದು ಸಂಶೋಧಕರ ವಿವರಣೆ.

ಇದೇ ತಂಡ ಲಕ್ವ ಹೊಡೆದ 608 ರೋಗಿಗಳನ್ನೂ ಅಧ್ಯಯನ ಮಾಡಿ 2016ರಲ್ಲಿ ವರದಿ ಪ್ರಕಟಿಸಿತು. ಲಕ್ವದ ನಂತರ ಬುದ್ಧಿಶಕ್ತಿ ಸಹಜವಾಗಿ ಉಳಿದವರು ಎರಡು ಭಾಷೆಯವರಲ್ಲಿ ಶೇ. 40.5, ಒಂದು ಭಾಷೆಯವರಲ್ಲಿ ಶೇ. 19.6. ಆದರೆ ಮಾತು ಬೀಳುವ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸವಿರಲಿಲ್ಲ.

ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಇವು ಒಂದು ಆಸ್ಪತ್ರೆಗೆ ಬಂದವರ ಅಂಕಿಅಂಶ. ಬೇರೆ ದೇಶಗಳ ಕೆಲವು ಅಧ್ಯಯನಗಳಲ್ಲಿ ಇಂಥ ವ್ಯತ್ಯಾಸ ಕಂಡಿಲ್ಲ. ಎರಡು ಭಾಷೆ ಬಂದರೆ ಮರೆವೇ ಬರುವುದಿಲ್ಲ ಎಂದು ಯಾರೂ ಹೇಳಿಲ್ಲ. ಬಿ.ಪಿ., ಸಕ್ಕರೆ ಕಾಯಿಲೆ, ತಂಬಾಕು ಇವುಗಳ ಹಾನಿಯನ್ನು ಭಾಷೆ ತಡೆಯುವುದಿಲ್ಲ.

ಹೈದರಾಬಾದ್ ವಿಶ್ವವಿದ್ಯಾಲಯ

1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ನರ ಹಾಗೂ ಅರಿವಿನ ವಿಜ್ಞಾನಗಳ ಕೇಂದ್ರವಿದೆ. ನಿಮ್ಸ್ ಅಧ್ಯಯನದಲ್ಲಿ ಪಾಲುಗೊಂಡ ಬಾಪಿ ರಾಜು ಅವರು ಇಲ್ಲಿದ್ದವರು. ಮೆದುಳಿನ ಕೆಲಸವನ್ನು ಗಣಿತ, ಕಂಪ್ಯೂಟರ್ ಮೂಲಕ ಅರಿಯುವುದು ಅವರ ಆಸಕ್ತಿ. ರಮೇಶ್ ಕುಮಾರ್ ಮಿಶ್ರಾ ಅವರ ಆಸಕ್ತಿ ದ್ವಿಭಾಷಿಗಳ ಗಮನಶಕ್ತಿ. ತೆಲುಗು, ಇಂಗ್ಲಿಷ್ ಎರಡೂ ಬಲ್ಲ ವಿದ್ಯಾರ್ಥಿಗಳು ಪದ ಕೇಳಿದಾಗ ಅವರ ಕಣ್ಣು ಎತ್ತ ಹೊರಳುತ್ತದೆ ಎಂಬುದನ್ನು ಯಂತ್ರದಿಂದ ಅಳೆದು, ಒಂದು ಭಾಷೆ ಕೇಳುವಾಗ ಇನ್ನೊಂದು ಹೇಗೆ ಜಾಗೃತವಾಗುತ್ತದೆ ಎಂದು ಅವರು ನೋಡಿದ್ದಾರೆ.

ಬೆಂಗಳೂರು: ನಿಮ್ಹಾನ್ಸ್

ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯ ಇತಿಹಾಸ ಮೈಸೂರು ಸಂಸ್ಥಾನದ ಕಾಲಕ್ಕೆ ಹೋಗುತ್ತದೆ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಎರಡೂ ಸೇರಿ 1974ರಲ್ಲಿ ನಿಮ್ಹಾನ್ಸ್ ಆಯಿತು. 1994ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 2012ರ ಕಾಯ್ದೆಯಿಂದ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆ ಎನಿಸಿತು. ಮೇಲೆ ಹೇಳಿದ ಡಾ. ಸುವರ್ಣಾ ಅಲ್ಲಾಡಿ ಅವರು ನಂತರ ಹೈದರಾಬಾದಿನಿಂದ ಇಲ್ಲಿನ ನರರೋಗ ವಿಭಾಗಕ್ಕೆ ಬಂದು ಅದೇ ವಿಷಯ ಮುಂದುವರಿಸಿದರು. ಇತರ ಮುಖ್ಯ ಆಸಕ್ತಿಗಳು ಹೀಗಿವೆ.

ಬಿಸಿನೀರಿನ ಫಿಟ್ಸ್: ತಲೆಯ ಮೇಲೆ ಚೊಂಬಿನಿಂದ ಬಿಸಿನೀರು ಹೊಯ್ದುಕೊಳ್ಳುವಾಗ ಕೆಲವರಿಗೆ ಮೂರ್ಛೆ ಬರುತ್ತದೆ. ಊರಲ್ಲಿ ಇದಕ್ಕೆ ಗಾಳಿ, ದೆವ್ವ ಎಂದು ತಾಯಿತ ಕಟ್ಟಿಸುವುದುಂಟು. ಇದು ನಿಜವಾದ ನರರೋಗ, ಮತ್ತು ಜಗತ್ತಿನಲ್ಲಿ ಹೆಚ್ಚಾಗಿ ವರದಿಯಾಗಿರುವುದು ದಕ್ಷಿಣ ಭಾರತದಲ್ಲಿ, ಅದರಲ್ಲೂ ಕರ್ನಾಟಕದಲ್ಲಿ. ಬೆಂಗಳೂರಿನ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಇದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ 279 ರೋಗಿಗಳ ವಿವರ ಪ್ರಕಟಿಸಿದರು. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅನುರಂಜನ್ ಆನಂದ್ ಅವರ ತಂಡ ಕೆಲವು ಕುಟುಂಬಗಳಲ್ಲಿ ಇದರ ವಂಶವಾಹಿ ಕಾರಣ ಹುಡುಕಿದೆ. ಅನೇಕರಿಗೆ ತಲೆಗೆ ಉಗುರುಬೆಚ್ಚಗಿನ ನೀರು ಬಳಸಿದರೆ ಸಾಕಾಗುತ್ತದೆ. ಕೆಲವರಿಗೆ ಸ್ನಾನಕ್ಕೆ ಮುಂಚೆ ನುಂಗುವ ಮಾತ್ರೆ ಬೇಕಾಗುತ್ತದೆ. ಅದನ್ನು ವೈದ್ಯರೇ ಬರೆದುಕೊಡಬೇಕು.

ಹಳ್ಳಿಗಳ ಸಮೀಕ್ಷೆ: ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಸುತ್ತಲಿನ ಹಳ್ಳಿಗಳಲ್ಲಿ 1,02,557 ಜನರ ಸಮೀಕ್ಷೆ ಮಾಡಿ 2004ರಲ್ಲಿ ಫಲಿತಾಂಶ ಪ್ರಕಟಿಸಿದರು. ನರರೋಗ ಇರುವವರು ಲಕ್ಷಕ್ಕೆ ಹಳ್ಳಿಗಳಲ್ಲಿ 4,070, ನಗರದಲ್ಲಿ 2,190. ನರರೋಗ ಪೇಟೆಯವರ ಕಾಯಿಲೆ ಎಂಬ ನಂಬಿಕೆ ಇದರಿಂದ ಸುಳ್ಳಾಯಿತು. ನರರೋಗ ತಜ್ಞರು ಮಾತ್ರ ಪೇಟೆಯಲ್ಲೇ ಹೆಚ್ಚು.

ಮೆದುಳು ಜ್ವರ ಮತ್ತು ರೇಬಿಸ್: ನರ ವೈರಾಣು ವಿಭಾಗದಲ್ಲಿ ಡಾ. ವಿ. ರವಿ ಅವರು ಜಪಾನೀಸ್ ಮೆದುಳು ಜ್ವರದ ಮೇಲೆ ದೀರ್ಘಕಾಲ ಕೆಲಸ ಮಾಡಿದವರು. ಗದ್ದೆಯ ನಿಂತ ನೀರಿನಲ್ಲಿ ಬೆಳೆಯುವ ಸೊಳ್ಳೆಯಿಂದ ಹರಡುವ ಈ ಜ್ವರ ಬಳ್ಳಾರಿ, ರಾಯಚೂರು, ಕೋಲಾರ ಭಾಗಗಳಲ್ಲಿ ಕಾಣಿಸಿಕೊಂಡದ್ದು. ಜೂರಾಲ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ನಾವೂ ಇದನ್ನು ತಿಳಿದಿರಬೇಕು. ರೇಬಿಸ್ ಪತ್ತೆಗೂ ಈ ವಿಭಾಗ ಹೆಸರಾಗಿದೆ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಲಸಿಕೆಗೆ ಹೋಗಬೇಕು.

ಒತ್ತಡ ಮತ್ತು ನೆನಪು: ನರ ಶರೀರಕ್ರಿಯಾ ವಿಭಾಗದ ಬಿ.ಎಸ್. ಶಂಕರನಾರಾಯಣ ರಾವ್ ಅವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡದ ಜೊತೆ ಸೇರಿ 2002ರಲ್ಲಿ ಒಂದು ಮುಖ್ಯ ಸಂಗತಿ ತೋರಿಸಿದರು. ಇಲಿಗಳನ್ನು ದಿನಗಟ್ಟಲೆ ಒತ್ತಡದಲ್ಲಿಟ್ಟಾಗ ನೆನಪಿಗೆ ಸಂಬಂಧಿಸಿದ ಭಾಗದ ನರಕೋಶಗಳ ಕೊಂಬೆಗಳು ಕುಗ್ಗಿದವು, ಭಯಕ್ಕೆ ಸಂಬಂಧಿಸಿದ ಭಾಗದ ಕೊಂಬೆಗಳು ಚಾಚಿಕೊಂಡವು. ಒಂದೇ ಒತ್ತಡ ಮೆದುಳಿನ ಎರಡು ಕಡೆ ವಿರುದ್ಧ ಕೆಲಸ ಮಾಡುತ್ತದೆ ಎಂಬುದು ಇದರ ಸಾರ. ಇದೇ ವಿಭಾಗದ ಬಿಂದು ಕುಟ್ಟಿ ಅವರ ಆಸಕ್ತಿ ನಿದ್ರೆ ಮತ್ತು ಧ್ಯಾನ.

ಮೆದುಳು ಬ್ಯಾಂಕ್: ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಆರಂಭವಾಯಿತು. ಕುಟುಂಬದವರು ಒಪ್ಪಿ ಕೊಟ್ಟ ಮೃತರ ಮೆದುಳನ್ನು ಕಾಪಾಡಿ ಸಂಶೋಧಕರಿಗೆ ಒದಗಿಸುತ್ತಾರೆ. ಮೆದುಳಿನ ವಸ್ತು ಸಂಗ್ರಹಾಲಯವೂ ಇಲ್ಲಿದೆ.

ಭಾರತೀಯ ವಿಜ್ಞಾನ ಸಂಸ್ಥೆ

ಬೆಂಗಳೂರಿನ ಜನ 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಈ ಸಂಸ್ಥೆಯಲ್ಲಿ 2009ರಲ್ಲಿ ನರವಿಜ್ಞಾನ ಕೇಂದ್ರ ಆರಂಭವಾಯಿತು. ಕೇಂದ್ರವನ್ನು ಕಟ್ಟಿದವರು ವಿಜಯಲಕ್ಷ್ಮಿ ರವೀಂದ್ರನಾಥ್. ಅದಕ್ಕೆ ಮುನ್ನ ಅವರು ಹರಿಯಾಣದ ಮಾನೇಸರದ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದ ಸ್ಥಾಪಕ ನಿರ್ದೇಶಕಿಯಾಗಿದ್ದರು. ಅಶ್ವಗಂಧದ ಬೇರಿನ ಸಾರ ಆಲ್‌ಝೈಮರ್ ಲಕ್ಷಣವಿರುವ ಇಲಿಗಳಲ್ಲಿ ನೆನಪು ಸುಧಾರಿಸಿತು ಎಂಬ 2012ರ ವರದಿ ಅವರ ತಂಡದ್ದು. ಇದು ಇಲಿಗಳ ಮೇಲಿನ ಫಲಿತಾಂಶ. ಇದನ್ನು ನಂಬಿ ಅಂಗಡಿಯ ಪುಡಿ ತಂದು, ವೈದ್ಯರು ಕೊಟ್ಟ ಮಾತ್ರೆ ಬಿಡಬಾರದು.

ಇಲ್ಲಿನ ಆದಿತ್ಯ ಮೂರ್ತಿ ಅವರು ಕಣ್ಣು, ಕೈಗಳ ಚಲನೆಯನ್ನು ಮೆದುಳು ನಿಯಂತ್ರಿಸುವ ಬಗೆಯನ್ನು ನೋಡುತ್ತಾರೆ. ಶ್ರೀಧರನ್ ದೇವರಾಜನ್ ಅವರ ವಿಷಯ ಗಮನಶಕ್ತಿ. ಸುಪ್ರತಿಮ್ ರೇ ಅವರು ಮೆದುಳಿನ ವಿದ್ಯುತ್ ಅಲೆಗಳನ್ನು ಅಳೆಯುತ್ತಾರೆ. ಚಿತ್ರ ನೋಡುವಾಗ ಏಳುವ ಒಂದು ಬಗೆಯ ಅಲೆ ಮರೆಗುಳಿತನದ ಆರಂಭದಲ್ಲಿರುವ ಹಿರಿಯರಲ್ಲಿ ಕ್ಷೀಣವಾಗಿರುತ್ತದೆ ಎಂದು ಅವರ ತಂಡ 2021ರಲ್ಲಿ ವರದಿ ಮಾಡಿತು.

ಎಸ್.ಪಿ. ಅರುಣ್ ಅವರ ಆಸಕ್ತಿ ನೋಟ ಮತ್ತು ಓದು. 2019ರಲ್ಲಿ ಅವರ ತಂಡ ತೆಲುಗು ಮಾತ್ರ ಓದಬಲ್ಲವರು, ಮಲಯಾಳ ಮಾತ್ರ ಓದಬಲ್ಲವರು ಹೀಗೆ ಎರಡು ಗುಂಪು ಮಾಡಿ, ಎರಡೂ ಲಿಪಿಗಳ ಅಕ್ಷರ ಜೋಡಿಗಳನ್ನು ತೋರಿಸಿ ಪರೀಕ್ಷಿಸಿತು. ಬಾರದ ಲಿಪಿಯಲ್ಲಿ ಪಕ್ಕಪಕ್ಕದ ಅಕ್ಷರಗಳು ಕಣ್ಣಿಗೆ ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ. ಓದು ಕಲಿತವರಿಗೆ ಪ್ರತಿ ಅಕ್ಷರವೂ ಬಿಡಿಯಾಗಿ ಸ್ಪಷ್ಟವಾಗುತ್ತದೆ. ಕನ್ನಡ, ತೆಲುಗು ಲಿಪಿಗಳು ಒಂದೇ ತಾಯಿಯ ಮಕ್ಕಳು. ಒಂದನ್ನು ಕಲಿತ ನಮ್ಮ ಮಕ್ಕಳಿಗೆ ಇನ್ನೊಂದು ಅರ್ಧ ಬಂದಂತೆಯೇ. ಉಳಿದರ್ಧವನ್ನೂ ಕಲಿಸಿದರೆ ಎರಡೂ ಭಾಷೆಯ ಪುಸ್ತಕ, ಪತ್ರಿಕೆ ಕೈಗೆ ಸಿಗುತ್ತವೆ.

ಶ್ರೀನಿವಾಸಪುರ: ನಮ್ಮಂಥದೇ ಊರುಗಳ ಅಧ್ಯಯನ

ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಕ್ರಿಸ್ ಗೋಪಾಲಕೃಷ್ಣನ್ ಅವರ ಪ್ರತೀಕ್ಷಾ ಟ್ರಸ್ಟ್ 225 ಕೋಟಿ ರೂಪಾಯಿ ದಾನ ಘೋಷಿಸಿದ ನಂತರ ಇದೇ ಆವರಣದಲ್ಲಿ ಮೆದುಳು ಸಂಶೋಧನಾ ಕೇಂದ್ರ ತಲೆಯೆತ್ತಿತು. 2018ರಲ್ಲಿ ಈ ಕೇಂದ್ರ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ ಒಂದು ದೀರ್ಘ ಅಧ್ಯಯನ ಆರಂಭಿಸಿತು. 45 ವರ್ಷ ದಾಟಿದ 10,000 ಮಂದಿಯನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅವರ ನೆನಪು, ರಕ್ತ, ಬಿ.ಪಿ., ಮೆದುಳಿನ ಸ್ಕ್ಯಾನ್ ನೋಡುತ್ತಾ, ಯಾರಿಗೆ ಮರೆವು ಬರುತ್ತದೆ, ಯಾರಿಗೆ ಬರುವುದಿಲ್ಲ, ಏಕೆ ಎಂದು ಅರಿಯುವುದು ಗುರಿ.

ಮಾವಿಗೆ ಹೆಸರಾದ ಶ್ರೀನಿವಾಸಪುರ ಆಂಧ್ರದ ಗಡಿಯಲ್ಲಿದೆ. ಅಲ್ಲಿನ ರೈತರು ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ ಆಡುತ್ತಾರೆ. ನಮ್ಮದರ ತಿರುಗುಮುರುಗು ಅಷ್ಟೆ. ಅಲ್ಲಿಂದ ಬರುವ ಫಲಿತಾಂಶ ಧರೂರು, ಮಕ್ತಲ್, ನಾರಾಯಣಪೇಟೆ ಭಾಗಕ್ಕೆ ಅಮೆರಿಕದ ಅಧ್ಯಯನಕ್ಕಿಂತ ಹತ್ತಿರದ್ದು.

ಪರೀಕ್ಷೆ ಯಾವ ಭಾಷೆಯಲ್ಲಿ?

ನನ್ನ ದೊಡ್ಡವ್ವನಿಗೆ ಮರೆವು ಶುರುವಾದಾಗ ಪೇಟೆಯ ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆವು. ಆಕೆ ಹೊಲದಲ್ಲಿ ತೆಲುಗು ಆಡಿದರೂ ಎಣಿಕೆ, ಲೆಕ್ಕ, ದೇವರ ಹೆಸರು ಎಲ್ಲವೂ ಕನ್ನಡದಲ್ಲೇ. ಅಲ್ಲಿ ತೆಲುಗಿನಲ್ಲಿ 'ಇದು ಯಾವ ತಿಂಗಳು, ಎಷ್ಟನೇ ತಾರೀಖು' ಎಂದು ಕೇಳಿದರು. ಆಕೆ ಸುಮ್ಮನಿದ್ದಳು. ಅಂಕ ಸೊನ್ನೆ. ಹೊರಗೆ ಬಂದ ಮೇಲೆ 'ಯವ್ವಾ, ಇವತ್ತೇನು?' ಎಂದು ಕೇಳಿದರೆ 'ಶ್ರಾವಣ ಅಲ್ಲೇನೋ, ನಾಡಿದ್ದು ಅಮಾಸಿ' ಎಂದಳು. ಉತ್ತರ ಸರಿಯಾಗಿತ್ತು. ಆಕೆಗೆ ಕಾಯಿಲೆ ಇತ್ತು ನಿಜ, ಆದರೆ ಆ ಕಾಗದದಲ್ಲಿ ಬರೆದಷ್ಟು ಇರಲಿಲ್ಲ.

ಈ ಸಮಸ್ಯೆಯೂ ಸಂಶೋಧಕರ ಗಮನಕ್ಕೆ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ಡಾ. ಅಲ್ಲಾಡಿ ಅವರೂ ಸೇರಿದಂತೆ ಹಲವು ಕೇಂದ್ರಗಳ ತಜ್ಞರು ನೆನಪು, ಭಾಷೆ, ಗಮನಶಕ್ತಿ ಅಳೆಯುವ ಪರೀಕ್ಷೆಗಳ ಒಂದು ಕಂತೆಯನ್ನು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿ ಸಿದ್ಧಪಡಿಸಿದ್ದಾರೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಮಾತು ಬಿದ್ದವರಿಗೆ ಕನ್ನಡದಲ್ಲಿ ಪರೀಕ್ಷೆಗಳಿವೆ. ಕನ್ನಡಿಗರಲ್ಲಿ ಲಕ್ವದ ನಂತರ ಮಾತು, ಓದು ಕೆಡುವ ಬಗೆಯನ್ನು ಪ್ರತಿಭಾ ಕಾರಂತ ಅವರು ವಿವರವಾಗಿ ಅಧ್ಯಯನ ಮಾಡಿದ್ದಾರೆ.

ಆದ್ದರಿಂದ ಓದುಗರಲ್ಲಿ ಒಂದು ಮನವಿ. ಮನೆಯ ಹಿರಿಯರನ್ನು ನೆನಪಿನ ಪರೀಕ್ಷೆಗೆ ಕರೆದೊಯ್ದಾಗ 'ಇವರ ಮನೆಮಾತು ಕನ್ನಡ' ಎಂದು ಮೊದಲೇ ಹೇಳಿ. ಕನ್ನಡದಲ್ಲಿ ಪರೀಕ್ಷೆ ಇದೆಯೇ ಎಂದು ಕೇಳಿ. ಇಲ್ಲದಿದ್ದರೆ ಪಕ್ಕದಲ್ಲಿ ಕುಳಿತು ಪ್ರಶ್ನೆಯನ್ನು ಮಾತ್ರ ಕನ್ನಡದಲ್ಲಿ ಹೇಳಲು ಅನುಮತಿ ಕೇಳಿ, ಉತ್ತರ ಹೇಳಿಕೊಡಬೇಡಿ.

ನಮ್ಮ ಮಕ್ಕಳು ಓದಬಹುದೇ?

ಓದಬಹುದು. ನರವಿಜ್ಞಾನಕ್ಕೆ ಡಾಕ್ಟರೇ ಆಗಬೇಕೆಂದಿಲ್ಲ. ಜೀವಶಾಸ್ತ್ರ, ಭೌತಶಾಸ್ತ್ರ, ಎಂಜಿನಿಯರಿಂಗ್ ಓದಿದವರು ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಮತ್ತು ಸಂದರ್ಶನದ ಮೂಲಕ ಪಿಎಚ್.ಡಿ.ಗೆ ಸೇರಬಹುದು. ಮನಶ್ಶಾಸ್ತ್ರ, ಭಾಷಾಶಾಸ್ತ್ರ ಓದಿದ ಕಲಾ ವಿದ್ಯಾರ್ಥಿಗಳಿಗೂ ಅರಿವಿನ ವಿಜ್ಞಾನದಲ್ಲಿ ದಾರಿಯಿದೆ. ಅರ್ಜಿ ಹಾಕುವ ಮುನ್ನ ಪ್ರಾಧ್ಯಾಪಕರ ಸಂಶೋಧನಾಸಕ್ತಿಯ ಪಟ್ಟಿ ಓದಿ, ತನಗೆ ಹೊಂದುವ ಒಬ್ಬಿಬ್ಬರನ್ನು ಗುರುತಿಸಿಕೊಳ್ಳುವುದು ಒಳ್ಳೆಯದು. ಎರಡು ಭಾಷೆ, ಎರಡು ಲಿಪಿ ಬಲ್ಲ ಗಡಿನಾಡಿನ ಹುಡುಗ ಹುಡುಗಿಯರು ಭಾಷೆಯ ಸಂಶೋಧನೆಗೆ ಬೇಕಾದವರು.

ಗಮನದಲ್ಲಿಡಿ

* ಹಿರಿಯರಲ್ಲಿ ದಾರಿ ತಪ್ಪುವುದು, ಅದೇ ಮಾತು ಮತ್ತೆ ಮತ್ತೆ ಹೇಳುವುದು, ಹಣದ ಲೆಕ್ಕ ತಪ್ಪುವುದು ಹೆಚ್ಚಾದರೆ ವಯಸ್ಸಿನ ಸಹಜ ಎಂದು ಬಿಡದೆ ನರರೋಗ ತಜ್ಞರಿಗೆ ತೋರಿಸಿ.
* ಮುಖ ಸೊಟ್ಟಾಗುವುದು, ಕೈ ಬೀಳುವುದು, ಮಾತು ತೊದಲುವುದು ಲಕ್ವದ ಲಕ್ಷಣ. ಮದ್ದು, ಮಾಲೀಸು ಎಂದು ತಡ ಮಾಡಬೇಡಿ. ಮೊದಲ ಕೆಲವು ಗಂಟೆಗಳೇ ಮುಖ್ಯ.
* ಫಿಟ್ಸ್ ಬಂದವರ ಬಾಯಿಗೆ ಚಮಚ, ಕೈಗೆ ಕಬ್ಬಿಣ ಕೊಡಬೇಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ. ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಿರಿ.
* ಮಾನಸಿಕ ತೊಂದರೆಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416. ಕನ್ನಡ, ತೆಲುಗು ಎರಡರಲ್ಲೂ ಉಚಿತವಾಗಿ ಮಾತನಾಡಬಹುದು.
* ಮಕ್ಕಳ ಜೊತೆ ಮನೆಯಲ್ಲಿ ಕನ್ನಡ ಬಿಡಬೇಡಿ, ಹೊರಗೆ ತೆಲುಗೂ ಬಿಡಬೇಡಿ. ಎರಡೂ ಉಳಿಯಲಿ.